ಒಂದೇ ಗೊಂಚಲು, ಬೇರೆ ಬೇರೆ ದಿನ: ಕವಳಿ ಹಣ್ಣಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಹಿಂದಿನ ಬೇಣದಲ್ಲಿ ಒಂದು ಕವಳಿ ಮಟ್ಟಿ ಇದೆ. ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಮನೆಗೆ ಬಂದ ನೆಂಟರು, ರಜೆಗೆ ಊರಿಗೆ ಬಂದ ಮಕ್ಕಳು, ದಾರಿಯಲ್ಲಿ ಹೋಗುವವರು ಎಲ್ಲರೂ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಕೈ ಚಾಚಿ ಕಪ್ಪು ಹಣ್ಣೊಂದನ್ನು ಕೀಳುತ್ತಾರೆ, ಪಕ್ಕದ ಕೆಂಪನ್ನು ಮುಟ್ಟಿ ಬಿಡುತ್ತಾರೆ, ಅದರ ಬೆನ್ನಿಗೇ ಇರುವ ಹಸಿರು ಕಾಯಿಯನ್ನು ನೋಡಿ ಕೇಳುತ್ತಾರೆ: ಒಂದೇ ಗಿಡ, ಒಂದೇ ಮಣ್ಣು, ಒಂದೇ ಮಳೆ, ಮತ್ತೇಕೆ ಹೀಗೆ? ವರ್ಷ ವರ್ಷವೂ ಬಾಯಲ್ಲಿ ಹೇಳಿದ ಉತ್ತರಗಳನ್ನು ಈ ಸಲ ಬರೆದಿಟ್ಟಿದ್ದೇನೆ.

ಕವಳಿ ಎಂದರೆ ಯಾವ ಗಿಡ?

ಮಲೆನಾಡಿನಲ್ಲಿ ಕವಳಿ, ಕರಾವಳಿಯ ಕೆಲವು ಕಡೆ ಕರಂಡೆ, ಮರಾಠಿ ಗಡಿಯ ಊರುಗಳಲ್ಲಿ ಕರವಂದ. ಕರಿಸ್ಸಾ ಎಂಬುದು ಇದರ ಸಸ್ಯಶಾಸ್ತ್ರೀಯ ಕುಲದ ಹೆಸರು. ಬೇಲಿಯಲ್ಲಿ, ಕಾಡಂಚಿನಲ್ಲಿ, ಜಂಬಿಟ್ಟಿಗೆಯ ಗುಡ್ಡದಲ್ಲಿ ಯಾರೂ ನೀರು ಹಾಕದಿದ್ದರೂ ಹಬ್ಬಿ ನಿಲ್ಲುವ ಮುಳ್ಳಿನ ಪೊದೆ. ಎಲೆ ದಪ್ಪ, ಕಡುಹಸಿರು. ಮಲ್ಲಿಗೆಯ ತಮ್ಮನಂತೆ ಕಾಣುವ ಬಿಳಿ ಹೂವು, ಹಿತವಾದ ಪರಿಮಳ. ಎಲೆ ಚಿವುಟಿದರೂ ಕಾಯಿ ಕಿತ್ತರೂ ಬಿಳಿ ಹಾಲು ಒಸರುತ್ತದೆ. ಕಣಗಿಲೆ, ನಂದಿಬಟ್ಟಲು ಸೇರಿರುವ ಕುಟುಂಬಕ್ಕೇ ಇದೂ ಸೇರಿದ್ದು.

ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಬೋರೆ, ಲಂಟಾನ, ಕೇಪಳಗಳಂತಹ ಬೇರೆ ಪೊದೆಗಳಿಗೂ ಹೊಂದುತ್ತದೆ. ನನಗೆ ಹತ್ತಿರದಿಂದ ಗೊತ್ತಿರುವುದು ಕವಳಿಯಾದ್ದರಿಂದ ಅದನ್ನೇ ಮುಂದಿಟ್ಟುಕೊಂಡಿದ್ದೇನೆ.

ಒಂದೇ ಗಿಡದ ಹಣ್ಣುಗಳು ಒಟ್ಟಿಗೆ ಏಕೆ ಹಣ್ಣಾಗುವುದಿಲ್ಲ? ಚುಟುಕಾಗಿ ಹೇಳಿ.

ಪ್ರತಿಯೊಂದು ಹಣ್ಣಿಗೂ ಅದರದೇ ಹುಟ್ಟುದಿನವಿದೆ, ಅದರದೇ ಬೀಜಗಳಿವೆ, ಅದರದೇ ಜಾಗವಿದೆ, ಅದಕ್ಕೆ ಊಟ ಕೊಡುವ ಎಲೆಗಳೂ ಬೇರೆ. ಗಿಡ ಒಂದೇ ಆದರೂ ಹಣ್ಣುಗಳ ಲೆಕ್ಕ ಪ್ರತ್ಯೇಕ. ಹೀಗೆ ಚದುರಿ ಹಣ್ಣಾಗುವುದರಿಂದ ಗಿಡಕ್ಕೆ ನಷ್ಟವಿಲ್ಲ, ಲಾಭವೇ ಹೆಚ್ಚು. ಹಾಗಾಗಿ ಕಾಡಿನಲ್ಲಿ ಈ ಗುಣ ಉಳಿದುಕೊಂಡು ಬಂದಿದೆ.

ನಮ್ಮ ಭಾಷೆಯೇ ಇದನ್ನು ಎಷ್ಟು ಚೆನ್ನಾಗಿ ಗುರುತಿಸಿದೆ ನೋಡಿ. ಹೀಚು, ಮಿಡಿ, ಕಾಯಿ, ಬಲಿತ ಕಾಯಿ, ದೋರೆ, ಹಣ್ಣು, ಕಳಿತ ಹಣ್ಣು. ಒಂದೊಂದು ಹಂತಕ್ಕೂ ಒಂದೊಂದು ಮಾತು. ಮೇ ತಿಂಗಳ ಮಧ್ಯದಲ್ಲಿ ಕವಳಿಯ ಒಂದೇ ಕೊಂಬೆಯನ್ನು ಹಿಡಿದರೆ ಈ ಏಳರಲ್ಲಿ ಐದನ್ನಾದರೂ ಬೆರಳಿಟ್ಟು ತೋರಿಸಬಹುದು.

ಹೂವು ಬಿಟ್ಟಾಗ ಇಡೀ ಗಿಡ ಒಟ್ಟಿಗೆ ಬೆಳ್ಳಗಾಗಿತ್ತಲ್ಲ?

ದೂರದಿಂದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಒಂದು ಗೊಂಚಲನ್ನು ನೋಡಿ. ನಡುವಿನ ಹೂವು ಪೂರ್ತಿ ಅರಳಿರುತ್ತದೆ. ಅದರ ಅಕ್ಕಪಕ್ಕದವು ಇನ್ನೂ ತಿರುಚಿಕೊಂಡ ಮೊಗ್ಗು, ತುದಿ ಮಾತ್ರ ತುಸು ಗುಲಾಬಿ. ಆಚೆ ಬದಿಯವು ಸಾಸಿವೆ ಕಾಳಿನಷ್ಟು. ಕವಳಿಯ ಗೊಂಚಲಿನಲ್ಲಿ ನಡುವಿನ ಹೂವಿಗೆ ಮೊದಲ ಸರದಿ, ಪಕ್ಕದವಕ್ಕೆ ಆಮೇಲೆ. ನಡುವಿನದು ಉದುರಿ ಹೀಚು ಕಟ್ಟುವ ಹೊತ್ತಿಗೆ ಕೊನೆಯ ಮೊಗ್ಗು ಅರಳುತ್ತಿರುತ್ತದೆ.

ಇದು ಒಂದು ಗೊಂಚಲಿನ ಒಳಗಿನ ಅಂತರ. ಗೊಂಚಲಿನಿಂದ ಗೊಂಚಲಿಗೆ ಇರುವ ಅಂತರ ಇನ್ನೂ ದೊಡ್ಡದು. ಬಿಸಿಲಿಗೆ ಮುಖ ಮಾಡಿದ ಕೊಂಬೆ ಮೊದಲು ಹೂವು ಬಿಡುತ್ತದೆ, ಒಳಗಿನ ನೆರಳಿನ ಕೊಂಬೆ ವಾರಗಟ್ಟಲೆ ಹಿಂದೆ ಬೀಳುತ್ತದೆ. ಹೂವಿನಿಂದ ಹಣ್ಣಿಗೆ ಮೂರು ತಿಂಗಳ ಆಸುಪಾಸು ಬೇಕು. ಹೊರಡುವಾಗಲೇ ಹಿಂದುಮುಂದಾದವರು ಊರು ಮುಟ್ಟುವುದೂ ಹಿಂದುಮುಂದಾಗಿಯೇ.

ಇದರ ಜೊತೆಗೆ, ಹೂವು ಅರಳಿದ ಮಾತ್ರಕ್ಕೆ ಕಾಯಿ ಕಟ್ಟುವುದಿಲ್ಲ, ಪರಾಗ ಬೀಳಬೇಕು. ಕವಳಿಯ ಹೂವಿನ ನಳಿಕೆ ಸಪೂರ, ಮಕರಂದವಿರುವುದು ಅದರ ತಳದಲ್ಲಿ. ಉದ್ದ ನಾಲಿಗೆಯ ಕೀಟ ಇಂದು ಈ ಹೂವಿಗೆ ಬಂದು ನಾಳೆ ಆ ಹೂವಿಗೆ ಬಂದರೆ, ಕಾಯಿ ಕಟ್ಟುವ ದಿನವೂ ಹಾಗೆಯೇ ಬದಲಾಗುತ್ತದೆ.

ಹಾಗಾದರೆ ಒಂದೇ ದಿನ ಅರಳಿದ ಹೂವುಗಳೆಲ್ಲ ಒಂದೇ ದಿನ ಹಣ್ಣಾಗಬೇಕಲ್ಲವೇ?

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕಾಫಿ ತೋಟದಲ್ಲಿ ಸಿಗುತ್ತದೆ.

ಕಾಫಿಯೂ ಮೂಲದಲ್ಲಿ ಕಾಡಿನ ನೆರಳಿನ ಗಿಡವೇ. ಅರೇಬಿಕಾ ಇಥಿಯೋಪಿಯಾದ ಮಲೆಗಾಡಿನದು. ಬೇಸಿಗೆಯ ಒಣಹವೆಯಲ್ಲಿ ಅದರ ಮೊಗ್ಗುಗಳು ಬೆಳೆದು ಒಂದು ಹಂತದಲ್ಲಿ ನಿದ್ದೆ ಹೋಗುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಹದವಾದ ಮಳೆ ಬಿದ್ದರೆ ಎಲ್ಲವೂ ಒಮ್ಮೆಗೇ ಎಚ್ಚರಗೊಂಡು, ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರು ಹೂಮಳೆಗಾಗಿ ಆಕಾಶ ನೋಡುತ್ತಾ ಕೂರುವುದು ಇದಕ್ಕೇ. ಹೂವು ಒಂದೇ ದಿನ ಅರಳುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ.

ಆದರೂ ಎಂಟೊಂಬತ್ತು ತಿಂಗಳ ನಂತರ ಕೊಯ್ಲಿಗೆ ಹೋದಾಗ ಒಂದೇ ಗಿಣ್ಣಿನಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇರುತ್ತವೆ. ಮೊದಲು ಹಣ್ಣಾದದ್ದನ್ನು ಆರಿಸಿ ಕೀಳುವ ಒಂದು ಸುತ್ತಿಗೆ ತೋಟದವರು ಫ್ಲೈ ಪಿಕಿಂಗ್ ಎನ್ನುತ್ತಾರೆ. ಆಮೇಲೆ ಮುಖ್ಯ ಕೊಯ್ಲು, ಕೊನೆಯಲ್ಲಿ ಉಳಿದದ್ದನ್ನೆಲ್ಲ ಬಿಡಿಸುವ ಸುತ್ತು. ಒಟ್ಟಿಗೆ ಹೂವಾದರೂ ಒಟ್ಟಿಗೆ ಹಣ್ಣಾಗಲಿಲ್ಲ ಎಂದರೆ, ಹುಟ್ಟುದಿನದ ಹೊರತಾಗಿ ಬೇರೆ ಕಾರಣಗಳೂ ಇವೆ ಎಂದಾಯಿತು. ಮುಂದಿನ ಮೂರು ಉತ್ತರಗಳು ಅವುಗಳ ಬಗ್ಗೆ.

ಬೀಜಕ್ಕೂ ಹಣ್ಣಾಗುವ ದಿನಕ್ಕೂ ಏನು ಸಂಬಂಧ?

ಬಹಳ ಇದೆ. ಗಿಡದ ದೃಷ್ಟಿಯಿಂದ ನೋಡಿದರೆ ಹಣ್ಣು ಎನ್ನುವುದು ಬೀಜಕ್ಕೆ ಹೊದಿಸಿದ ಪ್ರಯಾಣದ ಬಟ್ಟೆ. ಬೀಜ ಬಲಿಯುವವರೆಗೆ ಕಾಯಿ ಹುಳಿಯಾಗಿ, ಒಗರಾಗಿ, ಹಾಲು ಸುರಿಸುತ್ತಾ ಯಾರೂ ಬಾಯಿ ಹಾಕದಂತೆ ಕಾಯುತ್ತದೆ. ಬೀಜ ಸಿದ್ಧವಾದ ಮೇಲೆ ಬಣ್ಣ, ಸಿಹಿ, ಮೆದುತನ ಬರುತ್ತವೆ. ಈ ಮಾತುಕತೆ ನಡೆಯುವುದು ಬೀಜಗಳು ಹೊರಡಿಸುವ ಆಕ್ಸಿನ್, ಜಿಬ್ಬರೆಲಿನ್ ಮುಂತಾದ ಹಾರ್ಮೋನುಗಳ ಮೂಲಕ.

ಕವಳಿ ಹಣ್ಣನ್ನು ಬಿಡಿಸಿ ನೋಡಿ. ಒಂದರಲ್ಲಿ ಎರಡೇ ಬೀಜ, ಇನ್ನೊಂದರಲ್ಲಿ ನಾಲ್ಕೈದು. ಪರಾಗ ಎಷ್ಟು ಬಿದ್ದಿತ್ತು, ಅದರಲ್ಲಿ ಎಷ್ಟು ಫಲಿಸಿತು ಎಂಬುದರ ಲೆಕ್ಕ ಅದು. ಬೀಜಗಳ ಸಂಖ್ಯೆ ಬದಲಾದರೆ ಹಾರ್ಮೋನಿನ ಪ್ರಮಾಣ ಬದಲಾಗುತ್ತದೆ, ಕಾಯಿ ಬೆಳೆಯುವ ವೇಗವೂ ಬದಲಾಗುತ್ತದೆ.

ಇಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿಯೊಂದಿದೆ. ಬ್ಲೂಬೆರಿ ಪೊದೆಯಲ್ಲಿ ಬೀಜ ಹೆಚ್ಚಿರುವ ಹಣ್ಣು ದೊಡ್ಡದಾಗಿ, ಬೇಗ ಹಣ್ಣಾಗುತ್ತದೆ. ಜೇನುನೊಣ ಚೆನ್ನಾಗಿ ಬಂದ ವರ್ಷ ಕೊಯ್ಲೂ ಬೇಗ. ದ್ರಾಕ್ಷಿಯಲ್ಲಿ ಇದಕ್ಕೆ ತದ್ವಿರುದ್ಧ: ಒಂದೇ ಗೊನೆಯಲ್ಲಿ ಬೀಜದ ಭಾರ ಹೆಚ್ಚಿರುವ ಹಣ್ಣು ಬಣ್ಣ ತಿರುಗುವುದಕ್ಕೆ ಹಿಂದೆ ಬೀಳುತ್ತದೆ, ಬೀಜದಿಂದ ಬರುವ ಆಕ್ಸಿನ್ ಹಣ್ಣಾಗುವುದನ್ನು ತಡೆದು ಹಿಡಿಯುತ್ತದೆ. ಹಾಗಾಗಿ ಬೀಜ ಹೆಚ್ಚಿದ್ದರೆ ಬೇಗ ಅಥವಾ ತಡ ಎಂಬ ಒಂದೇ ಸೂತ್ರವನ್ನು ಎಲ್ಲ ಗಿಡಗಳಿಗೂ ಹೊರಿಸಲು ಬರುವುದಿಲ್ಲ. ಬೀಜದ ಸಂಖ್ಯೆ ಒಂದೇ ಇಲ್ಲದಿದ್ದರೆ ಹಣ್ಣಾಗುವ ದಿನವೂ ಒಂದೇ ಇರುವುದಿಲ್ಲ ಎನ್ನುವುದಷ್ಟೇ ಎಲ್ಲಕ್ಕೂ ಸಲ್ಲುತ್ತದೆ.

ಬಿಸಿಲು ಬಿದ್ದ ಬದಿ ಬೇಗ ಹಣ್ಣಾಗುತ್ತದೆ ಎನ್ನುವುದು ನಿಜವೇ?

ಬಹುಮಟ್ಟಿಗೆ ನಿಜ. ಕಾಯಿ ಬೆಳೆಯುವ ವೇಗ ಬಿಸಿಗೆ ತಕ್ಕಂತೆ ಏರಿಳಿಯುತ್ತದೆ. ಪೊದೆಯ ಮೇಲ್ಭಾಗ, ಬಂಡೆಯ ಪಕ್ಕ, ತೆರೆದ ಬೇಣ ಇವೆಲ್ಲ ಬೆಚ್ಚಗಿನ ಜಾಗಗಳು. ದಟ್ಟ ನೆರಳಿನ ಕಾಫಿ ನಿಧಾನವಾಗಿ ಹಣ್ಣಾಗುವುದು, ಎತ್ತರದ ತಂಪು ತೋಟದ ಕಾಫಿ ತಗ್ಗಿನದಕ್ಕಿಂತ ತಡವಾಗುವುದು ಇದೇ ಲೆಕ್ಕದಲ್ಲಿ.

ಒಂದು ಎಚ್ಚರಿಕೆ ಮಾತ್ರ. ಬಣ್ಣ ಬಂದ ಮಾತ್ರಕ್ಕೆ ಹಣ್ಣಾಯಿತು ಎಂದುಕೊಳ್ಳಬಾರದು. ಕವಳಿಗೆ ಕೆಂಪು, ಕಪ್ಪು ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಣಕಗಳು. ಎಷ್ಟೋ ಹಣ್ಣುಗಳ ಸಿಪ್ಪೆಯಲ್ಲಿ ಅವು ಬೆಳಕಿಗೆ ಹೆಚ್ಚು ತುಂಬಿಕೊಳ್ಳುತ್ತವೆ. ನಮ್ಮ ಮಟ್ಟಿಯ ಬಿಸಿಲು ಬದಿಯ ಕಾಯಿ ಏಪ್ರಿಲ್‌ನಲ್ಲೇ ಒಂದು ಕೆನ್ನೆ ಗುಲಾಬಿ ಮಾಡಿಕೊಂಡು ನಿಂತಿರುತ್ತದೆ. ಕಚ್ಚಿದರೆ ಹಲ್ಲು ಚಳಿಯುವ ಹುಳಿ, ತುಟಿಗೆ ಅಂಟುವ ಹಾಲು. ಬಣ್ಣದ ಜೊತೆ ಮೆದುತನವನ್ನೂ ಬೆರಳಿನಲ್ಲಿ ನೋಡಬೇಕು.

ಒಂದೇ ಕೊಂಬೆಯ ಹಣ್ಣುಗಳು ಊಟಕ್ಕೆ ಪೈಪೋಟಿ ನಡೆಸುತ್ತವೆಯೇ?

ಹೌದು. ಎಲೆಯಲ್ಲಿ ತಯಾರಾದ ಸಕ್ಕರೆಯೇ ಹಣ್ಣಿನ ಸಿಹಿ. ಕೊಂಬೆಯಲ್ಲಿ ಎಲೆ ಹೆಚ್ಚು, ಕಾಯಿ ಕಡಿಮೆ ಇದ್ದರೆ ಒಂದೊಂದಕ್ಕೂ ಹೊಟ್ಟೆ ತುಂಬ ಊಟ. ಎಲೆ ಕಡಿಮೆಯಾಗಿ ಕಾಯಿ ಇಡಿಕಿರಿದರೆ ಎಲ್ಲವೂ ನಿಧಾನ. ಮೊದಲು ಕಟ್ಟಿದ ಕಾಯಿ ಬೆಳೆಯುತ್ತಾ ಊಟವನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಕೊನೆಯಲ್ಲಿ ಕಟ್ಟಿದ ಮಿಡಿ ಅದು ಮುಗಿಸುವವರೆಗೆ ಕಾಯುತ್ತದೆ, ಇಲ್ಲವೇ ಉದುರುತ್ತದೆ. ಅಡಿಕೆ, ಮಾವು ಬೆಳೆಯುವವರಿಗೆ ಮಿಡಿ ಉದುರುವುದು ಹೊಸದೇನಲ್ಲ.

ಒಂದು ಹಣ್ಣಾದರೆ ಪಕ್ಕದ್ದನ್ನೂ ಹಣ್ಣು ಮಾಡುತ್ತದೆ ಎನ್ನುತ್ತಾರಲ್ಲ? ಅಕ್ಕಿ ಡಬ್ಬದಲ್ಲಿ ಮಾವು ಇಟ್ಟ ಹಾಗೆ?

ಅಲ್ಲಿ ಕೆಲಸ ಮಾಡುವುದು ಎಥಿಲೀನ್ ಎಂಬ ಅನಿಲ. 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್ ಅವರು ದೀಪದ ಅನಿಲದಲ್ಲಿದ್ದ ಎಥಿಲೀನ್ ಬಟಾಣಿ ಸಸಿಗಳ ಬೆಳವಣಿಗೆಯನ್ನು ಏರುಪೇರು ಮಾಡುತ್ತದೆ ಎಂದು ಕಂಡುಕೊಂಡರು. ಹಣ್ಣಾಗುತ್ತಿರುವ ಸೇಬು ತಾನೇ ಎಥಿಲೀನ್ ಹೊರಡಿಸುತ್ತದೆ ಎಂಬುದನ್ನು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ತೋರಿಸಿದರು. ಮಾವು, ಬಾಳೆ, ಸಪೋಟ, ಸೀತಾಫಲಗಳು ಈ ಅನಿಲಕ್ಕೆ ಓಗೊಟ್ಟು ಹಣ್ಣಾಗುವ ಗುಂಪಿನವು. ಒಂದು ಹಣ್ಣಾದರೆ ಪಕ್ಕದ್ದಕ್ಕೂ ಬಿಸಿ ಮುಟ್ಟುತ್ತದೆ. ದ್ರಾಕ್ಷಿ, ದಾಳಿಂಬೆ, ನಿಂಬೆಗಳು ಬೇರೆ ಗುಂಪಿನವು, ಗಿಡದಿಂದ ಕಿತ್ತ ಮೇಲೆ ಅವು ಮುಂದಕ್ಕೆ ಹಣ್ಣಾಗುವುದಿಲ್ಲ.

ಅಕ್ಕಿ ಡಬ್ಬದಲ್ಲಿ, ಹುಲ್ಲಿನ ಅಡೆಯಲ್ಲಿ ಅನಿಲ ಹೊರಗೆ ಹೋಗದೆ ಸುತ್ತಲೇ ನಿಲ್ಲುತ್ತದೆ. ಬೇಣದ ಪೊದೆಗೆ ಅಂತಹ ಮುಚ್ಚಳವಿಲ್ಲ, ಗಾಳಿ ಅದನ್ನು ಆಗಿಂದಾಗ ಒಯ್ಯುತ್ತದೆ. ಮೇಲಾಗಿ, ಬೀಜ ಬಲಿಯದ ಎಳೆಗಾಯಿ ಎಥಿಲೀನ್ ಸೋಕಿದರೂ ಸರಿಯಾಗಿ ಹಣ್ಣಾಗುವುದಿಲ್ಲ. ಎಳೆಯ ಮಾವನ್ನು ಅಡೆ ಹಾಕಿ ನೋಡಿದವರಿಗೆ ಇದು ಗೊತ್ತು: ಮುದುಡುತ್ತದೆ, ಕೊಳೆಯುತ್ತದೆ, ಹಣ್ಣಾಗುವುದಿಲ್ಲ.

ಸರಿ, ಇದರಿಂದ ಗಿಡಕ್ಕೆ ಏನು ಪ್ರಯೋಜನ?

ಒಂದು ಬೆಳಿಗ್ಗೆ ಮಟ್ಟಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಸುಮ್ಮನೆ ಕುಳಿತರೆ ಗಿಡವೇ ಇದನ್ನು ತೋರಿಸಿಕೊಡುತ್ತದೆ.

ಬೆಳಕು ಹರಿಯುತ್ತಲೇ ಕೆಮ್ಮೀಸೆ ಪಿಕಳಾರಗಳ ಜೋಡಿ ಬರುತ್ತದೆ. ಜುಟ್ಟು ಎತ್ತಿ ಸುತ್ತ ನೋಡಿ, ಮುಳ್ಳುಗಳ ನಡುವೆ ಸಲೀಸಾಗಿ ನುಸುಳಿ, ಕಪ್ಪಾದದ್ದನ್ನೇ ಆರಿಸುತ್ತವೆ. ಒಂದೊಂದು ಹಕ್ಕಿ ಮೂರು ನಾಲ್ಕು ಹಣ್ಣು ತಿಂದರೆ ಹೊಟ್ಟೆ ತುಂಬಿತು, ಹಾರಿ ಹೋಗಿ ಎಲ್ಲೋ ಬೇಲಿಯ ಮೇಲೆ ಕೂರುತ್ತದೆ. ಬೀಜ ಬೀಳುವುದು ಅಲ್ಲಿ. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಹಣ್ಣು ಮೆತ್ತಗಾಗಿರುತ್ತವೆ, ಆಗ ಬರುವುದು ಕುಟ್ರುಹಕ್ಕಿ ಅಥವಾ ಕೋಗಿಲೆ. ಅವು ಹೋಗುವ ದಿಕ್ಕು ಬೇರೆ. ರಾತ್ರಿ ಪುನುಗಿನ ಬೆಕ್ಕು, ನರಿ. ಅವುಗಳ ಹಿಕ್ಕೆಯಲ್ಲಿ ಕವಳಿ ಬೀಜ ಕಾಲುದಾರಿಯುದ್ದಕ್ಕೂ ಕಾಣಸಿಗುತ್ತದೆ.

ಇಡೀ ಪೊದೆ ಒಂದೇ ದಿನ ಹಣ್ಣಾಗಿದ್ದರೆ ಏನಾಗುತ್ತಿತ್ತು? ಹಕ್ಕಿಗಳ ಹೊಟ್ಟೆಗೆ ಮಿತಿಯಿದೆ. ಅವು ತಿಂದು ಬಿಟ್ಟದ್ದು ಗಿಡದ ಬುಡಕ್ಕೇ ಉದುರಿ ಕೊಳೆಯುತ್ತಿತ್ತು, ತಾಯಿಯ ನೆರಳಿನಲ್ಲೇ ಹುಟ್ಟಿದ ನೂರು ಸಸಿಗಳು ಒಂದನ್ನೊಂದು ತುಳಿಯುತ್ತಿದ್ದವು. ಆ ಒಂದು ದಿನ ದೊಡ್ಡ ಮಳೆ ಬಂದರೆ, ಮಂಗಗಳ ಹಿಂಡು ನುಗ್ಗಿದರೆ, ವರ್ಷದ ದುಡಿಮೆ ಪೂರ್ತಿ ಹೋಯಿತು. ದಿನಕ್ಕೆ ಹತ್ತಿಪ್ಪತ್ತರಂತೆ ಐದಾರು ವಾರ ಹಣ್ಣು ಕೊಟ್ಟರೆ ಹಕ್ಕಿಗಳಿಗೆ ಈ ಗಿಡದ ಹಾದಿ ರೂಢಿಯಾಗುತ್ತದೆ, ಬೀಜ ಹತ್ತು ದಿಕ್ಕಿಗೆ ಹೋಗುತ್ತದೆ, ಒಂದು ದಿನದ ಅನಾಹುತ ಒಂದು ದಿನಕ್ಕೇ ಮುಗಿಯುತ್ತದೆ.

ಗಿಡ ಕುಳಿತು ಯೋಚಿಸಿ ಮಾಡಿದ್ದಲ್ಲ ಇದು. ಹೀಗೆ ಚದುರಿ ಹಣ್ಣಾದ ಗಿಡಗಳ ಬೀಜ ಹೆಚ್ಚು ದೂರ ಹೋಯಿತು, ಹೆಚ್ಚು ಮೊಳೆಯಿತು, ಅವುಗಳ ಮಕ್ಕಳು ಮೊಮ್ಮಕ್ಕಳೇ ಇಂದು ನಮ್ಮ ಗುಡ್ಡದಲ್ಲಿರುವುದು.

ಇದರ ಮೇಲೆ ಬದುಕು ಕಟ್ಟಿಕೊಂಡ ದೊಡ್ಡ ಪ್ರಾಣಿಗಳೂ ಇವೆ. ಕರಡಿಗೆ ಬೋರೆ, ಕವಳಿ, ನೇರಳೆ ಎಂದರೆ ಪ್ರಾಣ. ಬಯಲುಸೀಮೆಯಲ್ಲಿ ಕರಡಿಗಳಿಗೆಂದೇ 1994ರಲ್ಲಿ ದರೋಜಿಯ ಕರಡಿಧಾಮ ಘೋಷಣೆಯಾಯಿತು. ಅಂತಹ ಕುರುಚಲು ಕಾಡಿನಲ್ಲಿ ಒಂದಲ್ಲ ಒಂದು ಪೊದೆಯಲ್ಲಿ ಒಂದಿಷ್ಟು ಹಣ್ಣು ಇದ್ದೇ ಇರುವುದು ಕರಡಿಗೆ ದಿನದ ಅನ್ನದ ಪ್ರಶ್ನೆ.

ಕಾಯಿ ಹಸಿರಾಗಿಯೇ ಇದ್ದು ನೇರವಾಗಿ ಕಪ್ಪಾಗಬಹುದಿತ್ತಲ್ಲ? ನಡುವೆ ಕೆಂಪು ಏಕೆ?

ಕಪ್ಪು ಹಣ್ಣು ಕಡುಹಸಿರು ಎಲೆಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದರ ಸುತ್ತ ಕೆಂಪು ದೋರೆಗಳಿದ್ದರೆ ಇಡೀ ಗೊಂಚಲು ದೂರದ ಹಕ್ಕಿಗೆ ಬಾವುಟ ಹಿಡಿದಂತೆ ಕಾಣುತ್ತದೆ. ಕೆಂಪು ನೋಡಿ ಬಂದ ಹಕ್ಕಿ ಕಪ್ಪನ್ನು ತಿಂದು ಹೋಗುತ್ತದೆ. ಹೀಗೆ ಎರಡು ಬಣ್ಣದ ಗೊಂಚಲು ಹಕ್ಕಿಗಳನ್ನು ಸೆಳೆಯಲು ನೆರವಾಗುತ್ತದೆ ಎಂಬುದು ಸಸ್ಯವಿಜ್ಞಾನಿಗಳು ಬಹುಕಾಲದಿಂದ ಚರ್ಚಿಸುತ್ತಿರುವ ವಿವರಣೆ. ಕವಳಿಯ ಮುಂದೆ ಕುಳಿತವರಿಗೆ ಅದನ್ನು ಒಪ್ಪುವುದು ಕಷ್ಟವಾಗುವುದಿಲ್ಲ. ಆದರೆ ಈ ಉಪಾಯ ನಡೆಯಬೇಕಾದರೆ ಕೆಂಪೂ ಕಪ್ಪೂ ಒಂದೇ ಹೊತ್ತಿನಲ್ಲಿ ಇರಬೇಕು, ಅಂದರೆ ಗೊಂಚಲು ಹಿಂದುಮುಂದಾಗಿಯೇ ಹಣ್ಣಾಗಬೇಕು.

ಎಲ್ಲ ಕಾಡು ಗಿಡಗಳೂ ಹೀಗೆಯೇ?

ಇಲ್ಲ. ಆಲ, ಅತ್ತಿ, ಬಸರಿ ಮರಗಳನ್ನು ನೋಡಿ. ಒಂದು ಮರ ಹಣ್ಣಾದರೆ ಸಾಮಾನ್ಯವಾಗಿ ಮರಕ್ಕೆ ಮರವೇ ಹಣ್ಣು, ಹಕ್ಕಿಗಳ ಜಾತ್ರೆ. ಪಕ್ಕದ ಇನ್ನೊಂದು ಆಲ ಆಗ ಬರಿದಾಗಿರುತ್ತದೆ. ಇದಕ್ಕೆ ಕಾರಣ ಅವುಗಳ ಒಳಗೇ ಹುಟ್ಟಿ ಬೆಳೆಯುವ ಪುಟ್ಟ ಕಣಜ. ಒಂದು ಮರದಿಂದ ಹೊರಟ ಹೆಣ್ಣು ಕಣಜಕ್ಕೆ ಮೊಟ್ಟೆಯಿಡಲು ಬೇರೊಂದು ಮರದ ಎಳೆಗಾಯಿ ಬೇಕು. ಆದ್ದರಿಂದ ಮರದೊಳಗೆ ಒಗ್ಗಟ್ಟು, ಮರ ಮರಗಳ ನಡುವೆ ಅಂತರ. ಕವಳಿಯದು ಇದಕ್ಕೆ ಕನ್ನಡಿಯ ಬಿಂಬದಂತೆ: ಒಂದು ಗುಡ್ಡದ ಮಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಹಣ್ಣು ಬಿಡುತ್ತವೆ, ಗೊಂಚಲಿನೊಳಗೆ ಮಾತ್ರ ಹಿಂದುಮುಂದು.

ಲಂಟಾನದ್ದು ಇನ್ನೊಂದು ತುದಿ. ವರ್ಷದ ಬಹುಭಾಗ ಹೂವು, ಹಸಿರು ಕಾಯಿ, ಕಪ್ಪು ಹಣ್ಣು ಮೂರೂ ಗಿಡದಲ್ಲಿ ಒಟ್ಟಿಗೆ ಇರುತ್ತವೆ. ಹೊರಗಿನಿಂದ ಬಂದ ಆ ಪೊದೆ ನಮ್ಮ ಕಾಡುಗಳನ್ನು ಈ ಪರಿ ನುಂಗಿ ನಿಲ್ಲಲು ಹಕ್ಕಿಗಳಿಗೆ ಬಿಡುವಿಲ್ಲದೆ ಹಣ್ಣು ಉಣಿಸುವ ಈ ಗುಣವೂ ಒಂದು ಕಾರಣ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದನ್ನು ನೋಡಿದಾಗಲೆಲ್ಲ ಇಂತಹ ಜಾಣತನ ಕವಳಿಯಲ್ಲಿದ್ದರೆ ಚಂದ, ಇಲ್ಲಿ ಸಂಕಟ ಎನಿಸುತ್ತದೆ.

ಹೊಲದ ಬೆಳೆ ಮಾತ್ರ ಒಟ್ಟಿಗೆ ಕೊಯ್ಲಿಗೆ ಬರುವುದೇಕೆ?

ಮನುಷ್ಯ ಆರಿಸಿದ್ದರಿಂದ. ಒಟ್ಟಿಗೆ ಬಲಿತ ತೆನೆಯನ್ನು ಕೊಯ್ದು, ಅದರಲ್ಲೇ ಬೀಜಕ್ಕೆ ಎತ್ತಿಟ್ಟು, ಸಾವಿರಾರು ವರ್ಷ ಹೀಗೆ ಮಾಡಿದ ಮೇಲೆ ಬೆಳೆಗಳು ನಮ್ಮ ಕುಡುಗೋಲಿನ ದಿನಕ್ಕೆ ಹೊಂದಿಕೊಂಡವು. ಆದರೂ ಹಳೆಯ ಗುಣ ಪೂರ್ತಿ ಹೋಗಿಲ್ಲ. ಹೆಸರಿನ ಹೊಲದಲ್ಲಿ ಒಣಗಿದ ಕಾಯಿಯ ಪಕ್ಕದಲ್ಲೇ ಹೂವು ಇರುತ್ತದೆ, ಎರಡು ಮೂರು ಸಲ ಬಿಡಿಸಬೇಕು. ಹತ್ತಿ ಬುಡದಿಂದ ಮೇಲಕ್ಕೆ ಒಡೆಯುತ್ತಾ ಹೋಗುತ್ತದೆ, ಬಿಡಿಸುವವರು ಮತ್ತೆ ಮತ್ತೆ ಹೊಲಕ್ಕೆ ಹೋಗಬೇಕು. ಒಂದೇ ಸಲ ಕಾಯಿ ಬಲಿಯುವ ಹೆಸರಿನ ತಳಿಗಳಿಗಾಗಿ ತಳಿವಿಜ್ಞಾನಿಗಳು ಇಂದಿಗೂ ದುಡಿಯುತ್ತಿದ್ದಾರೆ.

ಈ ವರ್ಷ ನಮ್ಮ ಗಿಡ ಎಂದಿಗಿಂತ ಹೆಚ್ಚು ಚದುರಿ ಹಣ್ಣಾಗುತ್ತಿದೆ. ರೋಗವೇ?

ಎಲೆ ಹಸಿರಾಗಿದ್ದು ಕಾಯಿಯಲ್ಲಿ ಚುಕ್ಕೆ, ಕೊಳೆ ಇಲ್ಲದಿದ್ದರೆ ರೋಗವೆಂದು ಹೆದರಬೇಡಿ. ಹೂವಿನ ಕಾಲದ ಮಳೆ ಹೇಗೆ ಬಿತ್ತು ಎಂದು ನೆನಪು ಮಾಡಿಕೊಳ್ಳಿ. ಅಕಾಲದ ಮಳೆ ಬಿಟ್ಟು ಬಿಟ್ಟು ಬಂದರೆ ಹೂವೂ ಕಂತುಕಂತಾಗಿ ಬರುತ್ತದೆ. ಚಳಿಗಾಲದಲ್ಲೇ ಮಳೆ ಬಿದ್ದ ವರ್ಷಗಳಲ್ಲಿ ಕಾಫಿ ತೋಟಗಳಲ್ಲಿ ಒಂದು ಕಡೆ ಹಣ್ಣು ಕೊಯ್ಯುತ್ತಿರುವಾಗಲೇ ಅದೇ ಗಿಡದಲ್ಲಿ ಹೂವು ಅರಳುತ್ತದೆ, ಬೆಳೆಗಾರರಿಗೆ ಕೊಯ್ಲಿನ ಸುತ್ತುಗಳೂ ಕೂಲಿಯ ಖರ್ಚೂ ಏರುತ್ತವೆ. ಅವರ ಕಷ್ಟದ ಮುಂದೆ ನಮ್ಮ ಕವಳಿಯದು ಏನೂ ಅಲ್ಲ, ಆದರೆ ಎರಡಕ್ಕೂ ಮೂಲ ಒಂದೇ.

ಕೆಂಪಾದದ್ದನ್ನು ಕಿತ್ತು ಮನೆಯಲ್ಲಿ ಹಣ್ಣು ಮಾಡಬಹುದೇ?

ಕಡುಗೆಂಪಾದದ್ದನ್ನು ತಂದು ಬುಟ್ಟಿಯಲ್ಲಿ ಹರಡಿಟ್ಟರೆ ಒಂದೆರಡು ದಿನಗಳಲ್ಲಿ ಕಪ್ಪಾಗಿ ಮೆತ್ತಗಾಗುತ್ತದೆ. ಗಿಡದಲ್ಲೇ ಕಳಿತದ್ದರ ಸಿಹಿ ಮಾತ್ರ ಬರುವುದಿಲ್ಲ, ಏಕೆಂದರೆ ಕಿತ್ತ ಗಳಿಗೆಯಿಂದ ಎಲೆಯ ಸಕ್ಕರೆ ಬರುವುದು ನಿಂತಿತು. ಹಸಿರನ್ನು ತಂದರೆ ಸುಕ್ಕಾಗುತ್ತದೆ, ಅಷ್ಟೆ.

ಹಾಗಾದರೆ ಯಾವಾಗ, ಯಾವುದನ್ನು ಕೀಳಬೇಕು?

ತಿನ್ನುವುದಕ್ಕೆ: ಪೂರ್ತಿ ಕಪ್ಪಾಗಿ, ಮುಟ್ಟಿದರೆ ತೊಟ್ಟಿನಿಂದ ತಾನಾಗಿ ಬಿಡುವಂಥದ್ದು. ತೊಟ್ಟಿನಲ್ಲಿ ಹಾಲು ಕಾಣಿಸಿದರೆ ಅದಕ್ಕೆ ಇನ್ನೂ ದಿನವಿದೆ. ಜೆಲ್ಲಿಗೆ ದೋರೆ ಒಳ್ಳೆಯದು, ಪೆಕ್ಟಿನ್ ಅಂಶ ಚೆನ್ನಾಗಿರುತ್ತದೆ. ಉಪ್ಪಿನಕಾಯಿಗೆ, ಗೊಜ್ಜಿಗೆ ಬಲಿತ ಹಸಿರು ಕಾಯಿ. ಒಂದೇ ಗಿಡ ಮೂರು ಅಡುಗೆಗೂ ಒಂದೇ ದಿನ ಒದಗುತ್ತದೆ, ಚದುರಿ ಹಣ್ಣಾಗುವುದರ ಈ ಲಾಭ ನಮ್ಮದು.

ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು ಚೆರ್ರಿ ನಮ್ಮ ದೇಶದಲ್ಲಿ ಬಹಳಷ್ಟು ಸಲ ಕವಳಿ ಕಾಯಿಯೇ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಹಾಕಿ, ಬಣ್ಣ ಕಟ್ಟಿದ್ದು. ತೋಟದಲ್ಲಿ ಬೆಳೆಸಿದ ಕವಳಿಯಿಂದ ಅದನ್ನು ಮಾಡಿದರೆ ಯಾರ ತಕರಾರೂ ಇಲ್ಲ. ಪಂತನಗರದ ಕೃಷಿ ವಿಶ್ವವಿದ್ಯಾಲಯ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಎಂಬ ತಳಿಗಳನ್ನೇ ಕೊಟ್ಟಿದೆ. ನನಗೆ ಹೊಟ್ಟೆಯುರಿಯುವುದು ಕಾಡಿನ ಗಿಡದ ಕೊಂಬೆಯನ್ನೇ ಮುರಿದು, ನೆಲದ ಮೇಲೆ ಬಡಿದು, ಕಪ್ಪು ಕೆಂಪು ಹಸಿರು ಎಲ್ಲವನ್ನೂ ಒಟ್ಟಿಗೆ ಚೀಲಕ್ಕೆ ತುಂಬುವುದನ್ನು ನೋಡಿದಾಗ. ಹಣ್ಣು ಐದಾರು ವಾರ ಇರುತ್ತದೆ. ನಾಲ್ಕು ಸಲ ಹೋಗಿ ನಾಲ್ಕು ಹಿಡಿ ತನ್ನಿ. ಮುರಿದ ಕೊಂಬೆಯ ಹಸಿರು ಕಾಯಿ ನಿಮಗೂ ಇಲ್ಲ, ಹಕ್ಕಿಗೂ ಇಲ್ಲ, ಅದರ ಬೀಜ ಮೊಳೆಯುವುದೂ ಇಲ್ಲ.

ಮಕ್ಕಳು ಕೆಂಪು, ಹಸಿರು ಕಾಯಿ ತಿಂದರೆ ತೊಂದರೆಯೇ?

ಕವಳಿಯಿಂದ ಬಾಯಿ ಅಂಟಂಟಾಗಿ ಹಲ್ಲು ಚಳಿಯುತ್ತದೆ, ಅದು ಇದ್ದದ್ದೇ. ಮರಾಠಿ ಗಡಿಯ ಊರುಗಳಲ್ಲಿ ಮಕ್ಕಳು ಹಣ್ಣನ್ನು ಅರ್ಧ ಕಚ್ಚಿ, ಒಳಗೆ ಕೆಂಪಿದ್ದರೆ ಹುಂಜ, ಬೆಳ್ಳಗಿದ್ದರೆ ಹೇಂಟೆ ಎಂದು ಆಡುತ್ತಾರೆ. ಹೊರಗೆ ಒಂದೇ ತರಹ ಕಾಣುವ ಎರಡು ಹಣ್ಣುಗಳ ಒಳಗು ಬೇರೆ ಇರುವುದನ್ನು ಅವರು ಎಂದೋ ಕಂಡುಕೊಂಡಿದ್ದಾರೆ.

ಅಪಾಯವಿರುವುದು ಗುರುತು ತಪ್ಪಿದಾಗ. ಹಾಲು ಬರುವ ಕಣಗಿಲೆ ಇದೇ ಕುಟುಂಬದ್ದು, ಪೂರ್ತಿ ವಿಷ. ಲಂಟಾನದ ಹಸಿರು ಕಾಯಿಯೂ ಮಕ್ಕಳಿಗೆ ಒಳ್ಳೆಯದಲ್ಲ. ಗಿಡ ಬಲ್ಲ ಹಿರಿಯರು ಜೊತೆಯಲ್ಲಿದ್ದು ತೋರಿಸಿಕೊಡದೆ ಯಾವ ಕಾಡುಹಣ್ಣನ್ನೂ ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ.

ನಾನೇ ಗಮನಿಸಿ ನೋಡಬೇಕೆಂದಿದ್ದೇನೆ. ಹೇಗೆ?

ಹೂವಿನ ಕಾಲದಲ್ಲಿ ಒಂದು ಗೊಂಚಲು ಆರಿಸಿಕೊಳ್ಳಿ. ಅರಳಿದ ಒಂದೊಂದು ಹೂವಿನ ತೊಟ್ಟಿಗೂ ಬೇರೆ ಬೇರೆ ಬಣ್ಣದ ಹೊಲಿಗೆ ದಾರ ಸಡಿಲವಾಗಿ ಕಟ್ಟಿ. ಪುಸ್ತಕದಲ್ಲಿ ದಾರದ ಬಣ್ಣ, ಅರಳಿದ ದಿನ ಬರೆಯಿರಿ. ವಾರಕ್ಕೊಮ್ಮೆ ನೋಡಿದರೂ ಸಾಕು, ಬಣ್ಣ ತಿರುಗಲು ಶುರುವಾದ ಮೇಲೆ ದಿನವೂ ನೋಡಿ. ಹಣ್ಣಾದದ್ದು ನಿಮ್ಮ ಕೈಗೆ ಸಿಕ್ಕರೆ ಬಿಡಿಸಿ ಬೀಜ ಎಣಿಸಿ, ಅದನ್ನೂ ಬರೆಯಿರಿ. ಬಿಸಿಲು ಬದಿಯದೊಂದು, ನೆರಳು ಬದಿಯದೊಂದು ಗೊಂಚಲು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ, ಮುಳ್ಳು ಕ್ಷಮಿಸುವುದಿಲ್ಲ.

ಕಳೆದ ಬೇಸಿಗೆಯಲ್ಲಿ ನಾನು ಹೀಗೆ ಒಂದೇ ಗೊಂಚಲಿನ ಐದು ಹೂವುಗಳಿಗೆ ದಾರ ಕಟ್ಟಿದ್ದೆ. ನಡುವಿನ ಹೂವಿಗೆ ಕಟ್ಟಿದ್ದ ಕೆಂಪು ದಾರದ ಹಣ್ಣು ಎಲ್ಲಕ್ಕಿಂತ ಮೊದಲು ಕಪ್ಪಾಯಿತು. ಹಳದಿ ದಾರದ್ದು ಮಿಡಿಯಲ್ಲೇ ಉದುರಿತು. ಹಸಿರು ಮತ್ತು ಬಿಳಿಯವು ಮುಂದಿನ ವಾರ ಹಣ್ಣಾದವು, ಒಂದರಲ್ಲಿ ಎರಡು ಬೀಜ, ಇನ್ನೊಂದರಲ್ಲಿ ನಾಲ್ಕು. ನೀಲಿ ದಾರದ್ದು ಬಹಳ ಕಾಯಿಸಿತು. ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ನೋಡಿದಾಗ ಕಡುಗೆಂಪು ಬಣ್ಣಕ್ಕೆ ತಿರುಗಿತ್ತು, ನಾಳೆ ಕೀಳೋಣವೆಂದು ಬಿಟ್ಟೆ. ಮರುದಿನ ಹೋದಾಗ ತೊಟ್ಟಿನಲ್ಲಿ ನೀಲಿ ದಾರ ಮಾತ್ರ ಇತ್ತು, ಬೇಲಿಯ ಮೇಲೆ ಪಿಕಳಾರ ಕೂಗುತ್ತಿತ್ತು.